ಕ್ಯಾನ್ಸರ್ ಸಂಶೋಧನಾ ಅಧ್ಯಯನ ಹಾಗೂ ಚಿಕಿತ್ಸಾ ಪ್ರಯೋಗಗಳಲ್ಲಿ ಭಾಗವಹಿಸುವಿಕೆ: ಮೈಸೂರಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ಮೈಸೂರು ನಗರ ಹಾಗೂ ಸುತ್ತಮುತ್ತಲಿನ ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳು ಸಾಮಾನ್ಯವಾಗಿ ಕೃಷ್ಣರಾಜೇಂದ್ರ ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಭಾರತ್ ಕ್ಯಾನ್ಸರ್ ಆಸ್ಪತ್ರೆ ಮುಂತಾದೆಡೆ ಚಿಕಿತ್ಸೆ ಪಡೆಯುತ್ತಾರೆ. ಹೆಚ್ಚಿನ ಚಿಕಿತ್ಸೆಗಾಗಿ ಬೆಂಗಳೂರಿಗೆ, ಜನರು ಕಿದ್ವಾಯಿ ಆಸ್ಪತ್ರೆ ಎಂದೇ ಕರೆಯುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ, ಹೋಗುವವರೂ ಅನೇಕರಿದ್ದಾರೆ. ಇಂತಹ ರೋಗಿಗಳ ಪೈಕಿ ಕೆಲವರಿಗೆ ಚಿಕಿತ್ಸೆಯ ಯಾವುದಾದರೊಂದು ಹಂತದಲ್ಲಿ, 'ಇಲ್ಲಿ ಒಂದು ಅಧ್ಯಯನ ನಡೆಯುತ್ತಿದೆ, ತಾವು ಸೇರಿಕೊಳ್ಳುವಿರಾ' ಎಂಬ ಪ್ರಶ್ನೆ ಎದುರಾಗುತ್ತದೆ. ಕೈಗೆ ಹತ್ತಾರು ಪುಟಗಳ ಕಾಗದಪತ್ರ ಬರುತ್ತದೆ. ಕೊನೆಯ ಪುಟದಲ್ಲಿ ಸಹಿಗೆ ಜಾಗವಿರುತ್ತದೆ.

ಆಸ್ಪತ್ರೆಯಲ್ಲಿ ದಾಖಲಾಗುವಾಗ, ಶಸ್ತ್ರಚಿಕಿತ್ಸೆಗೆ ಮುನ್ನ, ಬಿಡುಗಡೆಯಾಗುವಾಗ, ಹೀಗೆ ರೋಗಿಯ ಕಡೆಯವರು ಹಲವು ಕಾಗದಗಳಿಗೆ ಸಹಿ ಹಾಕುತ್ತಾರೆ. ಹೆಚ್ಚಿನವರು ಅವನ್ನು ಓದುವುದಿಲ್ಲ. ಸಂಶೋಧನೆಯ ಸಮ್ಮತಿ ಪತ್ರವು ಆ ಸಾಲಿಗೆ ಸೇರಿದ್ದಲ್ಲ. ಅದಕ್ಕೆ ಸಹಿ ಹಾಕದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಸಹಿ ಹಾಕಿದ ನಂತರವೂ ಅದನ್ನು ಹಿಂಪಡೆಯಬಹುದು. ಹಾನಿಯಾದಲ್ಲಿ ಪರಿಹಾರ ಕೇಳುವುದಕ್ಕೆ ಆಧಾರವಾಗುವುದೂ ಅದೇ ಪತ್ರ. ಈ ಮೂರು ಸಂಗತಿಗಳು ಸಾರ್ವಜನಿಕರಿಗೆ ತಿಳಿದಿರಬೇಕೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಅಧ್ಯಯನಗಳಲ್ಲಿ ಎರಡು ಬಗೆ

ಮೊದಲನೆಯದು ಅವಲೋಕನ ಅಧ್ಯಯನ. ಇದರಲ್ಲಿ ಭಾಗವಹಿಸುವವರಿಗೆ ಹೊಸ ಔಷಧವನ್ನು ನೀಡುವುದಿಲ್ಲ. ಪ್ರಶ್ನೆಗಳನ್ನು ಕೇಳಲಾಗುತ್ತದೆ, ಹಳೆಯ ದಾಖಲೆಗಳನ್ನು ಪರಿಶೀಲಿಸಲಾಗುತ್ತದೆ, ಕೆಲವೊಮ್ಮೆ ರಕ್ತ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಪರೀಕ್ಷೆಗೆ ಪಡೆಯಲಾಗುತ್ತದೆ. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ನಿರ್ವಹಿಸಲಾಗುತ್ತಿದ್ದು, ಯಾವ ವಯಸ್ಸಿನವರಿಗೆ ಯಾವ ಅಂಗದ ಕ್ಯಾನ್ಸರ್ ಎಷ್ಟು ಪ್ರಮಾಣದಲ್ಲಿ ಬರುತ್ತಿದೆ ಎಂಬ ಲೆಕ್ಕ ಅಲ್ಲಿಂದ ದೊರೆಯುತ್ತದೆ. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಭಾಗವಾಗಿರುತ್ತದೆ.

ಇಂತಹ ಅಧ್ಯಯನಗಳು ಮೈಸೂರಿಗೆ ಹೊಸತಲ್ಲ. 1906ರಲ್ಲಿ ಆರಂಭಗೊಂಡ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜನಿಸಿದ ಶಿಶುಗಳ ತೂಕ, ಉದ್ದ ಮುಂತಾದ ವಿವರಗಳನ್ನು ಬರೆದಿಟ್ಟಿದ್ದ ಹೆರಿಗೆ ದಾಖಲೆಗಳು ಉಳಿದುಬಂದವು. ದಶಕಗಳ ನಂತರ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಬೆಳೆದು ದೊಡ್ಡವರಾಗಿದ್ದ ಅದೇ ವ್ಯಕ್ತಿಗಳನ್ನು ಪತ್ತೆಹಚ್ಚಿ, ಹುಟ್ಟಿದಾಗಿನ ತೂಕಕ್ಕೂ ಮುಂದೆ ಬರುವ ಮಧುಮೇಹ, ಹೃದ್ರೋಗಗಳಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡಿದರು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭಿಸಿದ 'ಪಾರ್ಥೆನಾನ್' ಅಧ್ಯಯನದಲ್ಲಿ ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಅನುಸರಿಸಲಾಯಿತು. ಇವು ಕ್ಯಾನ್ಸರ್ ಅಧ್ಯಯನಗಳಲ್ಲವಾದರೂ, ಮೈಸೂರಿನ ಸಾಮಾನ್ಯ ಕುಟುಂಬಗಳು ದೀರ್ಘಕಾಲ ಸಂಶೋಧನೆಗೆ ಸಹಕರಿಸಿದ್ದಕ್ಕೆ ಉದಾಹರಣೆಯಾಗಿ ಇಲ್ಲಿ ಉಲ್ಲೇಖಿಸಲಾಗಿದೆ. ಕ್ಯಾನ್ಸರ್‌ಗೆ ಸಂಬಂಧಿಸಿದಂತೆ, ನಗರದಲ್ಲಿರುವ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸಂಸ್ಥೆಯ ಸಂಶೋಧಕರು ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಕುರಿತು ಮೈಸೂರಿನ ಮಹಿಳೆಯರಲ್ಲಿಯೂ, ಅದರ ಲಸಿಕೆಯ ಕುರಿತು ಹೆಣ್ಣುಮಕ್ಕಳ ತಂದೆತಾಯಿಯರ ಅಭಿಪ್ರಾಯವನ್ನು ತಿಳಿಯಲೂ ಅಧ್ಯಯನಗಳನ್ನು ಕೈಗೊಂಡಿದ್ದಾರೆ.

ಅವಲೋಕನ ಅಧ್ಯಯನದಲ್ಲಿ ದೇಹಕ್ಕೆ ಅಪಾಯ ಕಡಿಮೆ. ಆದರೆ ತಮ್ಮ ರೋಗದ ವಿವರ ಬೇರೆಯವರ ಕೈಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಹೆಸರನ್ನು ತೆಗೆದು ಸಂಖ್ಯೆಯಿಂದ ಗುರುತಿಸುತ್ತಾರೆಯೇ, ಗಡ್ಡೆಯ ಮಾದರಿಯನ್ನು ಈ ಅಧ್ಯಯನ ಮುಗಿದ ಮೇಲೂ ಕಾಯ್ದಿರಿಸುತ್ತಾರೆಯೇ, ಹೊರದೇಶಕ್ಕೆ ಕಳುಹಿಸುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಎರಡನೆಯದು ಚಿಕಿತ್ಸಾ ಪ್ರಯೋಗ

ಆಸ್ಪತ್ರೆಗಳಲ್ಲಿ ಇದನ್ನು ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಹೊಸ ಔಷಧ, ಹೊಸ ಶಸ್ತ್ರಚಿಕಿತ್ಸಾ ಕ್ರಮ, ವಿಕಿರಣದ ಹೊಸ ಪ್ರಮಾಣ ಅಥವಾ ತಪಾಸಣೆಯ ಹೊಸ ವಿಧಾನವನ್ನು ರೋಗಿಗಳ ಮೇಲೆಯೇ ಪರೀಕ್ಷಿಸುವುದು ಇದರ ಸ್ವರೂಪ. ಔಷಧಗಳ ಮಟ್ಟಿಗೆ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ ಔಷಧದ ಸುರಕ್ಷತೆ ಹಾಗೂ ಪ್ರಮಾಣವನ್ನು, ಎರಡನೆಯದರಲ್ಲಿ ರೋಗದ ಮೇಲೆ ಅದರ ಪರಿಣಾಮವನ್ನು ನೋಡಲಾಗುತ್ತದೆ. ಮೂರನೆಯದರಲ್ಲಿ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಈಗಿರುವ ಚಿಕಿತ್ಸೆಯೊಂದಿಗೆ ಹೋಲಿಸಲಾಗುತ್ತದೆ. ಔಷಧ ಮಾರುಕಟ್ಟೆಗೆ ಬಂದ ನಂತರದ ಪರಿಶೀಲನೆ ನಾಲ್ಕನೆಯದು. ತಮಗೆ ಹೇಳುತ್ತಿರುವ ಪ್ರಯೋಗ ಯಾವ ಹಂತದ್ದು ಎಂಬುದು ಕೇಳಲೇಬೇಕಾದ ಪ್ರಶ್ನೆ. ಮೊದಲ ಹಂತದ ಪ್ರಯೋಗಕ್ಕೆ ಸೇರಿ ರೋಗ ಗುಣವಾಗುತ್ತದೆಂದು ನಂಬಿ ಕೂರುವುದು ಸರಿಯಲ್ಲ.

ಹೋಲಿಕೆ ಮಾಡುವ ಪ್ರಯೋಗಗಳಲ್ಲಿ ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ಸಾಮಾನ್ಯವಾಗಿ ವೈದ್ಯರಾಗಲಿ ರೋಗಿಯಾಗಲಿ ಆರಿಸುವುದಿಲ್ಲ. ಚೀಟಿ ಎತ್ತಿದಂತೆ ಗಣಕಯಂತ್ರವು ಹಂಚುತ್ತದೆ. ಹೊಸ ಔಷಧದ ಆಸೆಯಿಂದ ಸೇರಿದವರಿಗೆ ಹಳೆಯ ಚಿಕಿತ್ಸೆಯೇ ದೊರೆಯಬಹುದು. ಇದರಲ್ಲಿ ಮೋಸವಿಲ್ಲ. ಎರಡರಲ್ಲಿ ಯಾವುದು ಉತ್ತಮವೆಂದು ಯಾರಿಗೂ ಖಚಿತವಾಗಿ ತಿಳಿಯದಿರುವುದರಿಂದಲೇ ಪ್ರಯೋಗ ನಡೆಸಲಾಗುತ್ತಿರುತ್ತದೆ.

ಪ್ರಯೋಗಗಳಿಂದ ಏನು ಪ್ರಯೋಜನವಾಗಿದೆ ಎಂದು ಕೇಳುವವರಿಗೆ ಬಾಯಿಯ ಕ್ಯಾನ್ಸರ್‌ನ ನಿದರ್ಶನವನ್ನು ನೀಡಬಹುದು. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾಗಳ ಬಳಕೆಯುಳ್ಳ ನಮ್ಮ ಭಾಗಕ್ಕೆ ಇದು ನೇರವಾಗಿ ಸಂಬಂಧಿಸಿದ್ದು. ಬಾಯಿಯ ಗಡ್ಡೆ ಆರಂಭದ ಹಂತದಲ್ಲಿದ್ದು ಕತ್ತಿನಲ್ಲಿ ಗಂಟು ಕಾಣದಿದ್ದಾಗ, ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕೋ ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೋ ಎಂಬ ಬಗ್ಗೆ ವೈದ್ಯರಲ್ಲಿ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಲೆಕ್ಕಕ್ಕೆ ತೆಗೆದುಕೊಂಡ 500 ರೋಗಿಗಳಲ್ಲಿ, ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರ ಪೈಕಿ ಮೂರು ವರ್ಷಗಳ ನಂತರ ಬದುಕಿದ್ದವರು ಶೇ. 80, ಕಾದು ನೋಡಿದವರಲ್ಲಿ ಶೇ. 67.5. ಇದರಲ್ಲಿ ಯಾವ ಹೊಸ ಔಷಧವೂ ಇರಲಿಲ್ಲ, ಯಾವ ಕಂಪನಿಗೂ ಲಾಭವಿರಲಿಲ್ಲ. ಅಷ್ಟು ರೋಗಿಗಳು ಒಪ್ಪಿ ಸೇರಿದ್ದರಿಂದ ಒಂದು ಚರ್ಚೆ ಇತ್ಯರ್ಥವಾಯಿತು.

ಅದೇ ಆಸ್ಪತ್ರೆಯ ಮತ್ತೊಂದು ಪ್ರಯೋಗವು 2022ರಲ್ಲಿ ಪ್ರಕಟವಾಗಿದ್ದು, ತಲೆ ಮತ್ತು ಕತ್ತಿನ ಕ್ಯಾನ್ಸರ್ ಉಲ್ಬಣಿಸಿದ 151 ರೋಗಿಗಳನ್ನು ಒಳಗೊಂಡಿತ್ತು. ನಿವೊಲುಮ್ಯಾಬ್ ಎಂಬ ದುಬಾರಿ ಔಷಧವನ್ನು ವಾಡಿಕೆಯ ಪ್ರಮಾಣಕ್ಕಿಂತ ಬಹಳ ಕಡಿಮೆ, ಅಂದರೆ ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಂ ನೀಡಿದಾಗ, ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ಪೂರ್ಣ ಪ್ರಮಾಣದ ಔಷಧವನ್ನು ಕೊಳ್ಳಲಾರದ ಕುಟುಂಬಗಳಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಎಲ್ಲಾ ಪ್ರಯೋಗಗಳ ಫಲಿತಾಂಶವೂ ಹೀಗೆ ನಿಚ್ಚಳವಾಗಿರುವುದಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿಯು 2006ರಲ್ಲಿ ಬಿಡುಗಡೆ ಮಾಡಿದ ನಿಮೊಟುಜುಮ್ಯಾಬ್ ಎಂಬ ಔಷಧವನ್ನು ಮುಂದೆ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 536 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2019ರಲ್ಲಿ ಪ್ರಕಟವಾದ ವರದಿಯಂತೆ, ಔಷಧ ಪಡೆದವರಲ್ಲಿ ರೋಗ ಮರುಕಳಿಸುವುದು ಕಡಿಮೆಯಾಗಿತ್ತು. ಆದರೆ ಒಟ್ಟು ಆಯುಷ್ಯದಲ್ಲಿ ಕಂಡ ವ್ಯತ್ಯಾಸವು ಖಚಿತವೆನ್ನುವಷ್ಟು ಇರಲಿಲ್ಲ.

ಅರ್ಜಿ ಸಲ್ಲಿಸುವ ಬಗ್ಗೆ

ಚಿಕಿತ್ಸಾ ಪ್ರಯೋಗಕ್ಕೆ ಸೇರಲು ಸರ್ಕಾರದ ಯಾವುದೇ ಕಚೇರಿಗೆ ಅರ್ಜಿ ಸಲ್ಲಿಸುವ ಪದ್ಧತಿ ಇರುವುದಿಲ್ಲ. ನಿಗದಿತ ನಮೂನೆಯಿಲ್ಲ, ಶುಲ್ಕವಿಲ್ಲ, ಶಿಫಾರಸ್ಸು ಪತ್ರವೂ ಬೇಕಾಗಿಲ್ಲ. ಹೊಸ ಔಷಧದ ಪ್ರಯೋಗಕ್ಕೆ ಸೇರಿಸುವುದಾಗಿ ಹೇಳಿ ಮುಂಗಡ ಹಣ ಕೇಳುವವರ ಬಗ್ಗೆ ಸಾರ್ವಜನಿಕರು ಎಚ್ಚರದಿಂದಿರತಕ್ಕದ್ದು. ಸೇರಿಸಿಕೊಳ್ಳುವ ಅಧಿಕಾರವಿರುವುದು ಆಯಾ ಪ್ರಯೋಗದ ಪ್ರಧಾನ ಸಂಶೋಧಕರಾದ ವೈದ್ಯರಿಗೆ ಮಾತ್ರ. ರೋಗದ ಹಂತ, ವಯಸ್ಸು, ಹಿಂದೆ ಪಡೆದ ಚಿಕಿತ್ಸೆ, ಮೂತ್ರಪಿಂಡ ಹಾಗೂ ಯಕೃತ್ತಿನ ಸ್ಥಿತಿ ಮುಂತಾದ ನಿಯಮಗಳಿಗೆ ರೋಗಿಯು ಹೊಂದಬೇಕು. ಹೊಂದದಿದ್ದಲ್ಲಿ ಎಷ್ಟು ಕೇಳಿಕೊಂಡರೂ ಸೇರಿಸಲಾಗುವುದಿಲ್ಲ. ಇದನ್ನು ವೈದ್ಯರ ಹಟವೆಂದು ಭಾವಿಸಬಾರದು; ಆ ನಿಯಮಗಳಲ್ಲಿ ಹೆಚ್ಚಿನವು ರೋಗಿಯ ರಕ್ಷಣೆಗಾಗಿಯೇ ಇರುತ್ತವೆ.

ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಯಾವ ಪ್ರಯೋಗ ನಡೆಯುತ್ತಿದೆ ಎಂಬುದನ್ನು ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿಯಲ್ಲಿ ನೋಡಬಹುದು. ಸಿಟಿಆರ್‌ಐ ಎಂದು ಕರೆಯಲ್ಪಡುವ ಈ ನೋಂದಣಿಯು 2007ರ ಜುಲೈ 20ರಂದು ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ಪ್ರಯೋಗಗಳ ನೋಂದಣಿಯನ್ನು ಕಡ್ಡಾಯಗೊಳಿಸಲಾಗಿದೆ. ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರತಿ ಪ್ರಯೋಗದ ನೋಂದಣಿ ಸಂಖ್ಯೆ, ಸಂಶೋಧಕರ ಹೆಸರು, ಹಣ ನೀಡುವ ಸಂಸ್ಥೆ, ಆಸ್ಪತ್ರೆಯ ವಿಳಾಸ, ನೀತಿ ಸಮಿತಿಯ ಅನುಮೋದನೆ ದೊರೆತಿದೆಯೇ ಎಂಬ ವಿವರಗಳು ಅಲ್ಲಿರುತ್ತವೆ. ವಿವರಗಳು ಇಂಗ್ಲಿಷಿನಲ್ಲಿರುವುದರಿಂದ ಮನೆಯಲ್ಲಿ ಓದಿದ ಮಕ್ಕಳ ನೆರವು ಪಡೆಯುವುದು ಒಳಿತು. ಊರಿನ ಹೆಸರಿನಿಂದ ಹುಡುಕುವವರು 'ಮೈಸೂರು' ಎಂಬುದನ್ನು ಇಂಗ್ಲಿಷಿನ ಹಳೆಯ ಹಾಗೂ ಹೊಸ ಎರಡೂ ಕಾಗುಣಿತಗಳಲ್ಲಿ ಹುಡುಕಬೇಕು. ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ದಾಖಲೆಗಳು ಹಳೆಯ ಕಾಗುಣಿತದಲ್ಲಿಯೇ ಇದ್ದು, ನಂತರವೂ ಎಷ್ಟೋ ಆಸ್ಪತ್ರೆಗಳು ಹಳೆಯದನ್ನೇ ಬರೆಯುತ್ತವೆ.

ನೋಂದಣಿಯಾಗಿದೆ ಎಂಬ ಮಾತ್ರಕ್ಕೆ ಪ್ರಯೋಗವು ಸುರಕ್ಷಿತವೆಂದು ಸರ್ಕಾರ ಪ್ರಮಾಣೀಕರಿಸಿದಂತಲ್ಲ ಎಂಬುದನ್ನೂ ಗಮನಿಸತಕ್ಕದ್ದು. ನೋಂದಣಿಯು ಪ್ರಯೋಗ ಬಹಿರಂಗವಾಗಿ ನಡೆಯುತ್ತಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಪ್ರಯೋಗಗಳು ಆಗಿಂದಾಗ್ಗೆ ಆರಂಭವಾಗಿ ಮುಗಿಯುವುದರಿಂದ ಈ ಪುಟದಲ್ಲಿ ಪಟ್ಟಿಯನ್ನು ನೀಡಿರುವುದಿಲ್ಲ.

ಸಮ್ಮತಿ ಪತ್ರ

ಇದು ಈ ಪುಟದ ಮುಖ್ಯ ಭಾಗ. ಸಮ್ಮತಿಯ ನಿಯಮಗಳು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣಗಳಿವೆ. 1999-2000ರಲ್ಲಿ ನೆರೆಯ ಕೇರಳದ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿಯ ಕ್ಯಾನ್ಸರ್‌ನ ಇಪ್ಪತ್ತಕ್ಕೂ ಹೆಚ್ಚು ರೋಗಿಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರ ವಿಜ್ಞಾನಿಯ ಸಹಯೋಗದಲ್ಲಿ ಹೊಸ ರಾಸಾಯನಿಕವನ್ನು ಚುಚ್ಚಲಾಯಿತು. ರೋಗಿಗಳಿಗೆ ಇದು ಪ್ರಯೋಗವೆಂದು ಸರಿಯಾಗಿ ತಿಳಿಸಿರಲಿಲ್ಲವೆಂಬ ದೂರು ಎದ್ದಿತು. ತನ್ನ ಅನುಮೋದನೆಯನ್ನು ಪಡೆಯದೆಯೇ ಪ್ರಯೋಗ ನಡೆದಿದೆಯೆಂದು 2001ರಲ್ಲಿ ಆ ವಿಶ್ವವಿದ್ಯಾಲಯವೇ ಪ್ರಕಟಿಸಿತು. 2009-10ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಹಾಗೂ ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ನೀಡಿದ ಯೋಜನೆಯಲ್ಲಿ, ತಂದೆತಾಯಿಯರ ಬದಲು ವಸತಿನಿಲಯದ ಮೇಲ್ವಿಚಾರಕರು ಸಮ್ಮತಿಗೆ ಸಹಿ ಹಾಕಿದ್ದು ಬೆಳಕಿಗೆ ಬಂದಿತು. ಯೋಜನೆಯನ್ನು 2010ರ ಏಪ್ರಿಲ್‌ನಲ್ಲಿ ಸ್ಥಗಿತಗೊಳಿಸಲಾಯಿತು. 2013ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿಯು ಇದನ್ನು ಕಟುವಾಗಿ ಟೀಕಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಸ್ವಾಸ್ಥ್ಯ ಅಧಿಕಾರ ಮಂಚ್ ಪ್ರಕರಣದಲ್ಲಿ ಪ್ರಯೋಗಗಳ ಮೇಲ್ವಿಚಾರಣೆಯನ್ನು ಬಿಗಿಗೊಳಿಸಲು ನಿರ್ದೇಶನಗಳನ್ನು ನೀಡಿತು. ಸದ್ಯ ಜಾರಿಯಲ್ಲಿರುವುದು 2019ರ ಮಾರ್ಚ್ 19ರಂದು ಹೊರಡಿಸಲಾದ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು.

ಸದರಿ ನಿಯಮಗಳ ಪ್ರಕಾರ ಸಮ್ಮತಿ ಪತ್ರ ಹಾಗೂ ಅದರೊಂದಿಗಿನ ಮಾಹಿತಿ ಹಾಳೆಯು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರತಕ್ಕದ್ದು. ಕನ್ನಡ ಬಲ್ಲವರಿಗೆ ಕನ್ನಡದಲ್ಲಿ, ಉರ್ದು ಮಾತ್ರ ಬಲ್ಲವರಿಗೆ ಉರ್ದುವಿನಲ್ಲಿ. ಕನ್ನಡ ಪ್ರತಿ ಇದ್ದರೂ ಅದು ಪದಕ್ಕೆ ಪದ ಅನುವಾದವಾಗಿ, ಮೂರು ಸಲ ಓದಿದರೂ ತಿಳಿಯದಂತಿರುವುದುಂಟು. ತಿಳಿಯದಿದ್ದಲ್ಲಿ ಬಾಯಿಮಾತಿನಲ್ಲಿ ವಿವರಿಸುವಂತೆ ಕೇಳುವುದಕ್ಕೆ ಸಂಕೋಚ ಬೇಡ. ವಿವರಿಸುವುದು ಸಂಶೋಧಕರ ಕರ್ತವ್ಯವೇ ಹೊರತು ಉಪಕಾರವಲ್ಲ. 'ಅಮ್ಮ, ಇಲ್ಲೊಂದು ಸಹಿ ಹಾಕಿ, ಉಳಿದದ್ದು ನಾವು ತುಂಬಿಕೊಳ್ಳುತ್ತೇವೆ' ಎಂದಲ್ಲಿ ಸಹಿ ಹಾಕಬಾರದು.

ಓದು ಬರಹ ಬಾರದ ರೋಗಿಯ ವಿಷಯದಲ್ಲಿ, ವಿವರಣೆ ಆರಂಭವಾದಾಗಿನಿಂದ ಹೆಬ್ಬೆಟ್ಟು ಒತ್ತುವವರೆಗೂ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಹಾಜರಿದ್ದು ಸಹಿ ಮಾಡತಕ್ಕದ್ದು. ಪ್ರಯೋಗದ ತಂಡಕ್ಕೆ ಸೇರಿದ ನರ್ಸ್ ಅಥವಾ ಸಹಾಯಕರು ನಿಷ್ಪಕ್ಷಪಾತ ಸಾಕ್ಷಿಯಾಗಲಾರರು. ಹೊಸ ರಾಸಾಯನಿಕ ಔಷಧಗಳ ಪ್ರಯೋಗದಲ್ಲಿ ದುರ್ಬಲ ವರ್ಗದ ರೋಗಿಗಳು ಸೇರುವಾಗ ಈ ವಿವರಣೆಯನ್ನು ದೃಶ್ಯ ಹಾಗೂ ಧ್ವನಿ ಸಹಿತ ಚಿತ್ರೀಕರಿಸಿಡಬೇಕೆಂಬ ನಿಯಮವೂ ಇದೆ. ಕ್ಯಾಮೆರಾ ಕಂಡು ಗಾಬರಿಯಾಗಬೇಕಿಲ್ಲ. ಅದು ರೋಗಿಯ ಪರವಾದ ದಾಖಲೆ.

ಮಾಹಿತಿ ಹಾಳೆಯಲ್ಲಿ ಪ್ರಯೋಗದ ಉದ್ದೇಶ, ಅವಧಿ, ನಿರೀಕ್ಷಿತ ಅಪಾಯಗಳು, ಸೇರದಿದ್ದರೆ ಲಭ್ಯವಿರುವ ಬೇರೆ ಚಿಕಿತ್ಸೆ, ಗೋಪ್ಯತೆ, ಪರಿಹಾರ, ಸಂಪರ್ಕಿಸಬೇಕಾದವರ ವಿವರ ಇರಬೇಕು. ಇವುಗಳಲ್ಲಿ 'ಬೇರೆ ಚಿಕಿತ್ಸೆ' ಎಂಬ ಭಾಗವನ್ನು ಹೆಚ್ಚು ಗಮನವಿಟ್ಟು ಓದಬೇಕೆಂಬುದು ನಮ್ಮ ಸಲಹೆ. ಜೊತೆಗೆ, ತಾವು ಸೇರದ ಗುಂಪಿಗೆ ಏನು ಕೊಡುತ್ತಾರೆ ಎಂದೂ ಕೇಳಬೇಕು. ಈ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ, ಈಗ ಧಾರಾಶಿವ ಎಂದು ಹೆಸರಾಗಿರುವ ಉಸ್ಮಾನಾಬಾದ್ ಜಿಲ್ಲೆಯ ಅಧ್ಯಯನವನ್ನು ನೋಡಬಹುದು. ಅಲ್ಲಿ 1,31,746 ಮಹಿಳೆಯರನ್ನು ಹಳ್ಳಿಗಳ ಗುಂಪುಗಳಾಗಿ ವಿಂಗಡಿಸಿ ಗರ್ಭಕಂಠದ ಕ್ಯಾನ್ಸರ್‌ನ ಬೇರೆ ಬೇರೆ ತಪಾಸಣೆಗಳನ್ನು ಹೋಲಿಸಲಾಯಿತು. ಒಂದೇ ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ರೋಗದಿಂದಾದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಜಗತ್ತಿಗೆ ಉಪಯುಕ್ತವಾದ ಫಲಿತಾಂಶ. ಆದರೆ ಹೋಲಿಕೆಗೆಂದು ಇರಿಸಿಕೊಂಡ ಗುಂಪಿನ ಮಹಿಳೆಯರಿಗೆ ಅಧ್ಯಯನದ ವತಿಯಿಂದ ತಪಾಸಣೆಯೇ ಆಗಿರಲಿಲ್ಲ. ಅದು ಸರಿಯೇ ಎಂಬ ಬಗ್ಗೆ ಮುಂದೆ ತೀವ್ರ ವಾದವಿವಾದಗಳು ನಡೆದವು.

ಸಮ್ಮತಿ ಪತ್ರದಲ್ಲಿ ರೋಗಿಯ ವಿಳಾಸ, ವಿದ್ಯಾರ್ಹತೆ, ಉದ್ಯೋಗ, ವಾರ್ಷಿಕ ಆದಾಯ, ನಾಮನಿರ್ದೇಶಿತರ ಹೆಸರು ಮತ್ತು ಸಂಬಂಧವನ್ನು ಬರೆಯುವ ಅಂಕಣಗಳಿವೆ. ಬ್ಯಾಂಕಿನ ಖಾತೆ ತೆರೆಯುವಾಗ ನಾಮನಿರ್ದೇಶನವನ್ನು ಖಾಲಿ ಬಿಟ್ಟು ನಂತರ ಕುಟುಂಬದವರು ಅಲೆದಾಡುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ. ಈ ಅಂಕಣವನ್ನು ಖಾಲಿ ಬಿಡಬಾರದು. ಭರ್ತಿ ಮಾಡಿದ ಸಮ್ಮತಿ ಪತ್ರ ಹಾಗೂ ಮಾಹಿತಿ ಹಾಳೆಯ ಪ್ರತಿಯನ್ನು ರೋಗಿಗೆ ಅಥವಾ ಜೊತೆಯಲ್ಲಿರುವವರಿಗೆ ಕೊಡುವುದು ಕಡ್ಡಾಯ. ಪ್ರತಿ ಪಡೆಯದೆ ಆಸ್ಪತ್ರೆಯಿಂದ ಹೊರಡಬಾರದು. ಅದನ್ನು ಪಡಿತರ ಚೀಟಿ, ಆಧಾರ್‌ಗಳ ಜೊತೆ ಮನೆಯಲ್ಲಿ ಜೋಪಾನವಾಗಿಡಬೇಕು.

ಮನೆಗೆ ಕೊಂಡೊಯ್ದು, ಹಿರಿಯರೊಂದಿಗೆ ಅಥವಾ ತಮ್ಮ ಊರಿನ ವೈದ್ಯರೊಂದಿಗೆ ಮಾತನಾಡಿ ಬಂದು ತಿಳಿಸುತ್ತೇನೆ ಎಂದು ಹೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಆದರೆ ನಿರ್ಧಾರ ರೋಗಿಯದೇ. ರೋಗವೇನೆಂದು ರೋಗಿಗೆ ತಿಳಿಸದೆ, ಮಗನೋ ಅಳಿಯನೋ ಸಹಿ ಹಾಕುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಪ್ರಜ್ಞೆಯಿದ್ದು ನಿರ್ಧರಿಸಬಲ್ಲ ವಯಸ್ಕ ರೋಗಿಯ ಪರವಾಗಿ ಬೇರೊಬ್ಬರು ನೀಡುವ ಸಮ್ಮತಿ ಇಲ್ಲಿ ನಡೆಯುವುದಿಲ್ಲ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಂದೆತಾಯಿಯರ ಸಮ್ಮತಿ ಬೇಕು; 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ತಿಳಿಸುತ್ತದೆ.

ನೀತಿ ಸಮಿತಿ

ಪ್ರಯೋಗಕ್ಕೆ ಅನುಮತಿ ನೀಡುವುದು ಹಾಗೂ ಅದರ ಮೇಲೆ ಕಣ್ಣಿಡುವುದು ಈ ಸಮಿತಿಯ ಕೆಲಸ. ಕನಿಷ್ಠ 7 ಸದಸ್ಯರು ಇರಬೇಕು. ಅವರಲ್ಲಿ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞರು, ಒಬ್ಬ ಜನಸಾಮಾನ್ಯ ಪ್ರತಿನಿಧಿ ಇರುವುದು ಅವಶ್ಯ. ಸಮಿತಿಯ ದೂರವಾಣಿ ಸಂಖ್ಯೆ ಮಾಹಿತಿ ಹಾಳೆಯಲ್ಲಿರುತ್ತದೆ. ರೋಗಿಯು ನೇರವಾಗಿ ಕರೆ ಮಾಡಬಹುದು, ವೈದ್ಯರ ಅನುಮತಿ ಬೇಕಾಗಿಲ್ಲ.

ಖರ್ಚು ವೆಚ್ಚ

ಪರೀಕ್ಷೆಗೊಳಪಡುತ್ತಿರುವ ಔಷಧಕ್ಕಾಗಲಿ, ಪ್ರಯೋಗಕ್ಕೆಂದೇ ಮಾಡಿಸುವ ರಕ್ತಪರೀಕ್ಷೆ, ಸ್ಕ್ಯಾನ್‌ಗಳಿಗಾಗಲಿ ರೋಗಿಯಿಂದ ಹಣ ಪಡೆಯಬಾರದು. ಆದರೆ ಪ್ರಯೋಗವಿಲ್ಲದಿದ್ದರೂ ಮಾಡಿಸಬೇಕಾಗಿದ್ದ ಚಿಕಿತ್ಸೆಯ ವೆಚ್ಚವನ್ನು ರೋಗಿಯೇ ಭರಿಸಬೇಕಾಗಬಹುದು. ಗೊಂದಲ ಹುಟ್ಟುವುದು ಇಲ್ಲಿಯೇ. ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿ ಬರೆದುಕೊಡುವಂತೆ ಮೊದಲೇ ಕೇಳುವುದು ಉತ್ತಮ. ಪ್ರಯಾಣ ವೆಚ್ಚವನ್ನು ಮರುಪಾವತಿ ಮಾಡುವ ಅವಕಾಶವಿದ್ದು, ಮೈಸೂರಿನಿಂದ ಬೆಂಗಳೂರಿಗೆ ತಿಂಗಳಿಗೆರಡು ಬಾರಿ ಜೊತೆಗಾರರೊಂದಿಗೆ ಹೋಗಿಬರುವವರಿಗೆ ಇದು ಸಣ್ಣ ಮೊತ್ತವಲ್ಲ. ಬಸ್ಸು, ರೈಲಿನ ಟಿಕೆಟ್‌ಗಳನ್ನು ದಿನಾಂಕವಾರು ಕಾಗದಕ್ಕೆ ಅಂಟಿಸಿಟ್ಟುಕೊಳ್ಳಬೇಕು. ಬಸ್ಸಿನ ಟಿಕೆಟ್‌ಗಳ ಶಾಯಿ ಬೇಗ ಮಾಸುವುದರಿಂದ ನೆರಳಚ್ಚು ಮಾಡಿಸಿಡುವುದು ಲೇಸು.

ಪ್ರಯೋಗಕ್ಕೆ ಸೇರಿದ್ದರಿಂದಾಗಲಿ, ಸೇರಲು ನಿರಾಕರಿಸಿದ್ದರಿಂದಾಗಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿಯ ಅರ್ಹತೆಗೆ ಬಾಧಕವಿಲ್ಲ.

ಪರಿಹಾರ ಧನದ ಲೆಕ್ಕ

ಪ್ರಯೋಗದಿಂದ ರೋಗಿಗೆ ಹಾನಿಯಾದಲ್ಲಿ ಮೊದಲು ಉಚಿತ ಚಿಕಿತ್ಸೆ ದೊರೆಯತಕ್ಕದ್ದು. ವೈದ್ಯರ ಅಭಿಪ್ರಾಯದಂತೆ ಅಗತ್ಯವಿರುವವರೆಗೆ ಅಥವಾ ಹಾನಿಗೆ ಪ್ರಯೋಗ ಕಾರಣವಲ್ಲವೆಂದು ಸಿದ್ಧವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಇದು ಮುಂದುವರಿಯುತ್ತದೆ. ಗಂಭೀರ ಹಾನಿ ಅಥವಾ ಸಾವು ಸಂಭವಿಸಿದಲ್ಲಿ ಸಂಶೋಧಕರು 24 ಗಂಟೆಗಳೊಳಗೆ ಕೇಂದ್ರ ಔಷಧ ಪ್ರಾಧಿಕಾರಕ್ಕೂ ನೀತಿ ಸಮಿತಿಗೂ ವರದಿ ಮಾಡಬೇಕು. ಪ್ರಾಧಿಕಾರವು ಆದೇಶಿಸಿದ ಪರಿಹಾರವನ್ನು ಪ್ರಾಯೋಜಕರು 30 ದಿನಗಳೊಳಗೆ ಪಾವತಿಸಬೇಕು.

ಸಾವಿನ ಪ್ರಕರಣದಲ್ಲಿ ಮೊತ್ತವನ್ನು ನಿರ್ಧರಿಸುವ ಸೂತ್ರವು 2019ರ ನಿಯಮಗಳ ಏಳನೆಯ ಅನುಸೂಚಿಯಲ್ಲಿದೆ. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. ವಯಸ್ಸಿನ ಅಂಶವನ್ನು ಕಾರ್ಮಿಕರ ನಷ್ಟಪರಿಹಾರ ಕಾಯಿದೆಯ ಕೋಷ್ಟಕದಿಂದ ಪಡೆಯಲಾಗಿದೆ: 40 ವರ್ಷಕ್ಕೆ 184.17, 50ಕ್ಕೆ 153.09, 60ಕ್ಕೆ 117.41, 65 ಮತ್ತು ಮೇಲ್ಪಟ್ಟವರಿಗೆ 99.37. ಅಪಾಯದ ಅಂಶವು ಪ್ರಯೋಗಕ್ಕೆ ಸೇರುವಾಗ ರೋಗಿಯ ಸ್ಥಿತಿಯನ್ನು ಅವಲಂಬಿಸಿದೆ. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದವರಿಗೆ 0.5, ಆರರಿಂದ ಇಪ್ಪತ್ತನಾಲ್ಕು ತಿಂಗಳ ನಿರೀಕ್ಷೆಯುಳ್ಳವರಿಗೆ 1, ಮಧ್ಯಮ ಅಪಾಯದವರಿಗೆ 2, ಅಲ್ಪ ಅಪಾಯದವರಿಗೆ 3, ಆರೋಗ್ಯವಂತ ಸ್ವಯಂಸೇವಕರಿಗೆ 4.

ಉದಾಹರಣೆಗೆ, 50 ವರ್ಷದ ರೋಗಿಯೊಬ್ಬರ ಅಪಾಯದ ಅಂಶ 1 ಆಗಿದ್ದಲ್ಲಿ 8,00,000 × 153.09 × 1 ÷ 99.37 = ಸುಮಾರು 12,32,485 ರೂಪಾಯಿ. ಅದೇ ವಯಸ್ಸಿನ, ಅಪಾಯದ ಅಂಶ 0.5 ಇರುವ ರೋಗಿಗೆ ಸುಮಾರು 6,16,242 ರೂಪಾಯಿ. 65 ವರ್ಷದವರಿಗೆ 0.5ರ ಲೆಕ್ಕದಲ್ಲಿ 4 ಲಕ್ಷ ರೂಪಾಯಿ. ಮೂವತ್ತು ದಿನಗಳೊಳಗೆ ಸಾವಿನ ಸಂಭವ ಶೇ. 90 ಅಥವಾ ಹೆಚ್ಚು ಇದ್ದವರ ಪ್ರಕರಣದಲ್ಲಿ ಸೂತ್ರ ಅನ್ವಯಿಸದೆ 2 ಲಕ್ಷ ರೂಪಾಯಿಗಳ ನಿಗದಿತ ಮೊತ್ತ ನೀಡಲಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ನೀಡಿರುವುದಕ್ಕೆ ಕಾರಣವಿದೆ. ಕ್ಯಾನ್ಸರ್ ಪ್ರಯೋಗಗಳಿಗೆ ಸೇರುವವರಲ್ಲಿ ಅನೇಕರು ಬೇರೆಲ್ಲಾ ಚಿಕಿತ್ಸೆ ಮುಗಿದವರು. ಸೂತ್ರದ ಪ್ರಕಾರ ಅವರ ಪರಿಹಾರವೇ ಅತಿ ಕಡಿಮೆ. ಸೇರುವ ದಿನ ವೈದ್ಯರು ದಾಖಲೆಯಲ್ಲಿ ಬರೆಯುವ ರೋಗದ ಸ್ಥಿತಿಯಿಂದ ಮೊತ್ತವು ಇಮ್ಮಡಿಯಾಗಬಹುದು ಅಥವಾ ಅರ್ಧವಾಗಬಹುದು. ಆದ್ದರಿಂದ ಸೇರುವ ಮುನ್ನಿನ ಸ್ಕ್ಯಾನ್ ಹಾಗೂ ವರದಿಗಳ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಲೇಬೇಕು. 2002ರ ವೈದ್ಯಕೀಯ ನಡವಳಿಕೆ ನಿಯಮಗಳಂತೆ, ರೋಗಿಯು ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸತಕ್ಕದ್ದು.

ಪ್ರಯೋಗದ ಅವಧಿಯಲ್ಲಿ ಸಂಭವಿಸಿದ ಪ್ರತಿ ಸಾವಿಗೂ ಪರಿಹಾರ ದೊರೆಯುವುದಿಲ್ಲ. ರೋಗವೇ ಉಲ್ಬಣಿಸಿ ಆದ ಸಾವಿಗೆ ಇಲ್ಲ. ಪ್ರಯೋಗದ ಔಷಧದ ಅಡ್ಡಪರಿಣಾಮ, ಪ್ರಯೋಗದ ವಿಧಾನದಲ್ಲಿನ ಲೋಪ, ಲಭ್ಯವಿದ್ದ ವಾಡಿಕೆಯ ಚಿಕಿತ್ಸೆಯನ್ನು ನೀಡದೆ ಔಷಧವಿಲ್ಲದ ಹುಸಿ ಮಾತ್ರೆ ನೀಡಿದ್ದು ಮುಂತಾದ ಕಾರಣಗಳು ಸಾಬೀತಾಗಬೇಕು. ಈಗಾಗಲೇ ಬಳಕೆಯಲ್ಲಿರುವ ಔಷಧಗಳನ್ನು ವೈದ್ಯಕೀಯ ಸಂಸ್ಥೆಗಳೇ ಸಂಶೋಧನೆಗಾಗಿ ಪರೀಕ್ಷಿಸುವ ಶೈಕ್ಷಣಿಕ ಪ್ರಯೋಗಗಳಿಗೆ ನೀತಿ ಸಮಿತಿಯ ಅನುಮೋದನೆ ಸಾಕಾಗುತ್ತದೆ. ಅಲ್ಲಿ ಕಂಪನಿಯ ಪ್ರಾಯೋಜಕತ್ವ ಇರದಿರಬಹುದು. ಹಾನಿಯಾದರೆ ಹಣ ಕೊಡುವವರು ಯಾರು ಎಂಬುದನ್ನು ಇಂತಹ ಪ್ರಯೋಗಗಳಲ್ಲಿ ಸಹಿಗೆ ಮುನ್ನವೇ ಲಿಖಿತವಾಗಿ ತಿಳಿದುಕೊಳ್ಳಬೇಕು.

ಪ್ರಯೋಗದಿಂದ ಹೊರಬರುವುದು

ಯಾವುದೇ ಹಂತದಲ್ಲಿ, ಕಾರಣ ನೀಡದೆ, ರೋಗಿಯು ಹೊರಬರಬಹುದು. ಅದರಿಂದ ವಾಡಿಕೆಯ ಚಿಕಿತ್ಸೆಗೆ ಧಕ್ಕೆಯಾಗಬಾರದು. ಆದರೆ ತಿಳಿಸದೆ ನಿಲ್ಲಿಸುವುದು ಅಪಾಯಕಾರಿ. ಕೆಲವು ಔಷಧಗಳನ್ನು ಹಂತ ಹಂತವಾಗಿ ನಿಲ್ಲಿಸಬೇಕಾಗುತ್ತದೆ. 'ಪ್ರಯೋಗದಿಂದ ಹೊರಬರುತ್ತಿದ್ದೇನೆ, ಮುಂದಿನ ಚಿಕಿತ್ಸೆಯನ್ನು ತಿಳಿಸಿ' ಎಂದು ಎರಡು ಸಾಲು ಬರೆದು, ದಿನಾಂಕ ಹಾಕಿ, ಸ್ವೀಕೃತಿ ಪಡೆಯುವುದು ಸೂಕ್ತ. ಹೊರಬಂದ ನಂತರ ಹೊಸದಾಗಿ ಮಾಹಿತಿ ಸಂಗ್ರಹಿಸುವಂತಿಲ್ಲವಾದರೂ, ಅಲ್ಲಿಯವರೆಗೆ ಸಂಗ್ರಹಿಸಿದ್ದನ್ನು ಏನು ಮಾಡುತ್ತಾರೆ ಎಂಬುದು ಮಾಹಿತಿ ಹಾಳೆಯಲ್ಲಿರುತ್ತದೆ.

ದೂರು ಸಲ್ಲಿಸುವ ಬಗ್ಗೆ

ಮೊದಲು ಪ್ರಧಾನ ಸಂಶೋಧಕರಿಗೆ, ನಂತರ ನೀತಿ ಸಮಿತಿಯ ಸದಸ್ಯ ಕಾರ್ಯದರ್ಶಿಯವರಿಗೆ ಲಿಖಿತ ದೂರು ನೀಡಬಹುದು. ಅಲ್ಲಿ ಪರಿಹಾರ ಸಿಗದಿದ್ದಲ್ಲಿ ನವದೆಹಲಿಯ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ಬರೆಯಬಹುದು. ಈ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿಯೂ ಇದೆ. ದೂರಿನಲ್ಲಿ ಪ್ರಯೋಗದ ನೋಂದಣಿ ಸಂಖ್ಯೆಯನ್ನು ತಪ್ಪದೆ ನಮೂದಿಸಬೇಕು. ಅದಿಲ್ಲದ ದೂರು ಯಾವ ಕಡತಕ್ಕೆ ಸೇರಬೇಕೆಂದು ತಿಳಿಯದೆ ಮೇಜಿನಿಂದ ಮೇಜಿಗೆ ತಿರುಗುವ ಸಂಭವವಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಪ್ರಯೋಗದ ಬಗ್ಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರು ಶುಲ್ಕ ಪಾವತಿಸಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು, ನಿಗದಿತ ಮಿತಿಯೊಳಗಿನ ಆದಾಯವುಳ್ಳವರು ಮೈಸೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರಾಗಿರುತ್ತಾರೆ. ಅಲ್ಲಿಗೆ ಹೋಗುವಾಗ ಸಮ್ಮತಿ ಪತ್ರದ ಪ್ರತಿ, ಮಾಹಿತಿ ಹಾಳೆ, ಪ್ರಯೋಗಕ್ಕೆ ಸೇರುವ ಮುನ್ನಿನ ವರದಿಗಳು ಹಾಗೂ ಬಿಡುಗಡೆ ಸಾರಾಂಶವನ್ನು ಕೊಂಡೊಯ್ಯತಕ್ಕದ್ದು.